ಗ್ರಾನೋಲಾ ತಿಂದರೂ ತೂಕ ಏರುತ್ತಿದೆ, ಯಾಕೆ?

ಪ್ರಶ್ನೆ: ನಮಸ್ತೆ. ಗುಂಪಿನಲ್ಲಿರುವ ಡಯಟಿಷಿಯನ್ ಯಾರಾದರೂ ಹೇಳಿ. ಮೂರು ತಿಂಗಳಿಂದ ಬೆಳಗಿನ ತಿಂಡಿ ಬಿಟ್ಟು ಪ್ಯಾಕೆಟ್ ಗ್ರಾನೋಲಾಕ್ಕೆ (ಓಟ್ಸ್, ಬೀಜಗಳಿಗೆ ಎಣ್ಣೆ, ಸಿಹಿ ಸೇರಿಸಿ ಬೇಯಿಸಿದ ತಿನಿಸು) ಹಾಲು ಹಾಕಿಕೊಂಡು ತಿನ್ನುತ್ತಿದ್ದೇನೆ. ತೂಕ ಇಳಿಯಲಿ ಅಂತ ಶುರು ಮಾಡಿದ್ದು. ಇಳಿಯುವುದಿರಲಿ, ಎರಡು ಕಿಲೋ ಏರಿದೆ! ಪ್ಯಾಕೆಟ್ ಹಿಂದೆ 100 ಗ್ರಾಂಗೆ ಹೀಗೆ ಬರೆದಿದೆ: 460 ಕ್ಯಾಲೊರಿ, ಸಕ್ಕರೆ 21 ಗ್ರಾಂ, ಕೊಬ್ಬು 18, ನಾರು 7, ಪ್ರೋಟೀನ್ 9. ಒಂದು ಸರ್ವಿಂಗ್ ಅಂದರೆ 40 ಗ್ರಾಂ. ಇದು ಒಳ್ಳೆಯದಾ, ಕೆಟ್ಟದ್ದಾ?

ಡಯಟಿಷಿಯನ್: ಒಳ್ಳೆಯದು, ಕೆಟ್ಟದ್ದು ಆಮೇಲೆ ನೋಡೋಣ. ನೀವು ತಿನ್ನುತ್ತಿರುವುದು ಎಷ್ಟು? ನಾಳೆ ಬೆಳಿಗ್ಗೆ ಎಂದಿನ ಹಾಗೇ ಬಟ್ಟಲಿಗೆ ಸುರಿದುಕೊಳ್ಳಿ, ಹಾಲು ಹಾಕುವ ಮುಂಚೆ ಅಡುಗೆ ತಕ್ಕಡಿಯಲ್ಲಿ ತೂಗಿ. ನನ್ನ ಹತ್ತಿರ ಬರುವವರಿಗೆಲ್ಲ ಮೊದಲು ಇದನ್ನೇ ಹೇಳುತ್ತೇನೆ. 40 ಗ್ರಾಂ ಅಂದರೆ ನಾಲ್ಕೈದು ದೊಡ್ಡ ಚಮಚ ಅಷ್ಟೇ, ಬಟ್ಟಲಿನ ತಳ ಮುಚ್ಚಿದರೆ ಜಾಸ್ತಿ. ಯಾರೂ ಅಷ್ಟಕ್ಕೇ ನಿಲ್ಲಿಸುವುದಿಲ್ಲ.

ಕಾರ್ನ್‌ಫ್ಲೇಕ್ಸ್ ಒಂದು ಕಪ್ ತುಂಬಿದರೆ ಹೆಚ್ಚೆಂದರೆ 30 ಗ್ರಾಂ. ಅದರಲ್ಲಿ ಗಾಳಿಯೇ ಹೆಚ್ಚು. ಗ್ರಾನೋಲಾ ಹಾಗಲ್ಲ. ಎಣ್ಣೆ, ಸಿಹಿ, ಬೀಜ ಎಲ್ಲ ಸೇರಿ ಗಟ್ಟಿಯಾಗಿ ಕೂತಿರುತ್ತದೆ. ಅದೇ ಕಪ್ ತುಂಬಿದರೆ 100 ಗ್ರಾಂ ದಾಟಿಬಿಡುತ್ತದೆ. ಕಣ್ಣಿಗೆ ಎರಡೂ ಒಂದೇ ಕಪ್, ಮೋಸ ಹೋಗುವುದು ಇಲ್ಲೇ.

ನಿಮ್ಮ ಪ್ಯಾಕೆಟ್ ಲೆಕ್ಕವನ್ನೇ ತೆಗೆದುಕೊಳ್ಳಿ. 40 ಗ್ರಾಂ ತಿಂದರೆ 184 ಕ್ಯಾಲೊರಿ, ಸಕ್ಕರೆ 8 ಗ್ರಾಂ ಚಿಲ್ಲರೆ. ತೊಂದರೆ ಇಲ್ಲ. 110 ಗ್ರಾಂ ತಿಂದರೆ 506 ಕ್ಯಾಲೊರಿ, ಸಕ್ಕರೆ 23 ಗ್ರಾಂ. ನಾಲ್ಕು ಗ್ರಾಂಗೆ ಒಂದು ಟೀ ಚಮಚ ಅಂತ ಹಿಡಿದರೆ ಸುಮಾರು ಆರು ಚಮಚ. ಹಾಲಿನದ್ದು ಬೇರೆ. ದಿನಕ್ಕೆ 2000 ಕ್ಯಾಲೊರಿ ತಿನ್ನುವವರು ಹೊರಗಿನಿಂದ ಸೇರಿದ ಸಕ್ಕರೆಯನ್ನು 50 ಗ್ರಾಂ ಒಳಗೆ ಇಡಬೇಕು, 25ಕ್ಕೆ ಇಳಿಸಿದರೆ ಇನ್ನೂ ಒಳ್ಳೆಯದು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನಿಮ್ಮ 23ರಲ್ಲಿ ಸ್ವಲ್ಪ ಒಣಹಣ್ಣಿನ ಸ್ವಂತ ಸಿಹಿಯೂ ಇರಬಹುದು, ಅದು ಈ ಲೆಕ್ಕಕ್ಕೆ ಬರುವುದಿಲ್ಲ. ಉಳಿದದ್ದೆಲ್ಲ ಬರುತ್ತದೆ.

ಪ್ರಶ್ನೆ (ಅವರೇ): ಆದರೆ ನಮ್ಮದರಲ್ಲಿ ಸಕ್ಕರೆ ಕಡಿಮೆ, ಜೇನು ಇದೆ. ಜೇನು ಒಳ್ಳೆಯದೇ ಅಲ್ವಾ?

ಡಯಟಿಷಿಯನ್: ರುಚಿಗೆ ಒಳ್ಳೆಯದು. ದೇಹಕ್ಕೆ ಅದೂ ಸಕ್ಕರೆಯೇ. ಜೇನಿನ ತೂಕದಲ್ಲಿ ಐದರಲ್ಲಿ ನಾಲ್ಕು ಪಾಲು ಸಕ್ಕರೆ, ಉಳಿದದ್ದು ಬಹುಪಾಲು ನೀರು.

ಒಮ್ಮೆ ಸಾಮಗ್ರಿಗಳ ಪಟ್ಟಿ ಓದಿ. ಯಾವುದು ತೂಕದಲ್ಲಿ ಜಾಸ್ತಿಯೋ ಅದು ಮೊದಲು ಬರುತ್ತದೆ. ಇಲ್ಲಿ ಒಂದು ಜಾಣತನ ನಡೆಯುತ್ತದೆ. ಸಿಹಿಯನ್ನೆಲ್ಲ ಒಂದೇ ಹೆಸರಲ್ಲಿ ಹಾಕಿದರೆ ಅದು ಪಟ್ಟಿಯ ಎರಡನೇ ಜಾಗಕ್ಕೆ ಬಂದು ಕೂರುತ್ತದೆ. ಅದನ್ನೇ ಸಕ್ಕರೆ, ಜೇನು, ಗ್ಲೂಕೋಸ್ ಸಿರಪ್, ಬ್ರೌನ್ ರೈಸ್ ಸಿರಪ್ ಅಂತ ನಾಲ್ಕು ಹೋಳು ಮಾಡಿದರೆ ಒಂದೊಂದೂ ಕೆಳಗೆ ಇಳಿಯುತ್ತದೆ. ಪಟ್ಟಿ ನೋಡಿದವರಿಗೆ ಓಟ್ಸ್, ಬಾದಾಮಿ ಮಾತ್ರ ಕಾಣಿಸುತ್ತದೆ. ಮಾಲ್ಟೋಡೆಕ್ಸ್‌ಟ್ರಿನ್ (ಪಿಷ್ಟದಿಂದ ಮಾಡುವ ಪುಡಿ) ಇದ್ದರೆ ಅದನ್ನೂ ಗಮನಿಸಿ. ಸಕ್ಕರೆ ಅನ್ನುವ ಸಾಲಿನಲ್ಲಿ ಅದು ಹೆಚ್ಚುಕಡಿಮೆ ಲೆಕ್ಕಕ್ಕೇ ಬರುವುದಿಲ್ಲ, ಆದರೆ ರಕ್ತದ ಸಕ್ಕರೆಯನ್ನು ಬೇಗ ಏರಿಸುತ್ತದೆ.

ಇನ್ನೊಬ್ಬರು: ನನ್ನ ಪ್ಯಾಕೆಟ್ ಮೇಲೆ ಹೃದಯದ ಚಿತ್ರ ಇದೆ, ಕೊಲೆಸ್ಟ್ರಾಲ್ ಇಳಿಸುತ್ತದೆ ಅಂತ. ಸುಮ್ನೆ ಹಾಕಿದ್ದಾ?

ಡಯಟಿಷಿಯನ್: ಪೂರ್ತಿ ಸುಳ್ಳಲ್ಲ. ಓಟ್ಸ್‌ನಲ್ಲಿ ಬೀಟಾ ಗ್ಲೂಕಾನ್ ಅನ್ನುವ ನಾರು ಇದೆ. ಅದು ಕರುಳಿನಲ್ಲಿ ಅಂಟಂಟಾಗಿ ಪಿತ್ತರಸವನ್ನು ಹಿಡಿದುಕೊಂಡು ಹೊರಗೆ ಹೋಗುತ್ತದೆ. ಹೊಸ ಪಿತ್ತರಸ ಮಾಡಲು ಯಕೃತ್ತು ಕೊಲೆಸ್ಟ್ರಾಲ್ ಖರ್ಚು ಮಾಡಬೇಕಾಗುತ್ತದೆ. ಅಮೆರಿಕದ ಎಫ್‌ಡಿಎ (ಆಹಾರ, ಔಷಧ ನಿಯಂತ್ರಣ ಸಂಸ್ಥೆ) 1997ರಲ್ಲೇ ಓಟ್ಸ್ ಮೇಲೆ ಹೃದಯಕ್ಕೆ ಒಳ್ಳೆಯದು ಅಂತ ಬರೆಯಲು ಒಪ್ಪಿತ್ತು. ಆದರೆ ದಿನಕ್ಕೆ 3 ಗ್ರಾಂ ಬೀಟಾ ಗ್ಲೂಕಾನ್ ಬೇಕು. ಸಾದಾ ಓಟ್ಸ್ ಆದರೆ 75 ಗ್ರಾಂ ಸಾಕು, 300 ಕ್ಯಾಲೊರಿ ಒಳಗೇ ಮುಗಿಯುತ್ತದೆ. ಅರ್ಧ ಮಾತ್ರ ಓಟ್ಸ್ ಇರುವ ಗ್ರಾನೋಲಾದಿಂದ ಅಷ್ಟೇ ಪಡೆಯಲು 150 ಗ್ರಾಂ ತಿನ್ನಬೇಕು, ಸುಮಾರು 700 ಕ್ಯಾಲೊರಿ. ಲಾಭ ಯಾವುದರಲ್ಲಿ ಅಂತ ನೀವೇ ನೋಡಿ.

ಜೊತೆಗೆ ಯಾವ ಎಣ್ಣೆ ಹಾಕಿದ್ದಾರೆ ನೋಡಿ. ಕೊಬ್ಬು 18 ಅಂದ ಕೂಡಲೇ ಹೆದರಬೇಡಿ, ಬಾದಾಮಿ, ವಾಲ್‌ನಟ್‌ನಿಂದ ಬಂದದ್ದಾದರೆ ಒಳ್ಳೆಯದೇ. ತಾಳೆ ಎಣ್ಣೆ ಅಥವಾ ತೆಂಗಿನ ಎಣ್ಣೆ ಆದರೆ ಸ್ಯಾಚುರೇಟೆಡ್ (ಕೊಲೆಸ್ಟ್ರಾಲ್ ಏರಿಸುವ) ಕೊಬ್ಬಿನ ಸಾಲು ಏರಿರುತ್ತದೆ. ಆಗ ಆ ಹೃದಯದ ಚಿತ್ರಕ್ಕೆ ಅರ್ಥ ಉಳಿಯುವುದಿಲ್ಲ.

ಇನ್ನೊಬ್ಬರು: ಹಾಗಾದರೆ ಮ್ಯೂಸ್ಲಿ ವಾಸಿನಾ?

ಡಯಟಿಷಿಯನ್: ಸಾಮಾನ್ಯವಾಗಿ ಹೌದು. ಮ್ಯೂಸ್ಲಿಯಲ್ಲೂ ಓಟ್ಸ್, ಬೀಜ, ಒಣಹಣ್ಣು ಇರುತ್ತದೆ, ಆದರೆ ಅದನ್ನು ಎಣ್ಣೆ, ಸಿಹಿ ಹಾಕಿ ಬೇಯಿಸುವುದಿಲ್ಲ, ಅದಕ್ಕೇ ಪುಡಿಪುಡಿಯಾಗಿ ಬಿಡಿಯಾಗಿರುತ್ತದೆ. ಗ್ರಾನೋಲಾದ ಗಂಟು ಗಂಟು ಕರಂ ಕುರುಂ ಬರುವುದೇ ಸಿಹಿಯ ಪಾಕದಿಂದ. ಗಂಟು ದೊಡ್ಡದಿದ್ದಷ್ಟೂ ಅಂಟು ಜಾಸ್ತಿ ಅಂತ ಇಟ್ಟುಕೊಳ್ಳಿ. (ನನಗೂ ಆ ಗಂಟುಗಳೇ ಇಷ್ಟ. ಟಿವಿ ಮುಂದೆ ಪ್ಯಾಕೆಟ್ ಹಿಡಿದು ಕೂತು ಖಾಲಿ ಮಾಡಿದ್ದೂ ಉಂಟು.) ತಮಾಷೆ ಅಂದರೆ, 1863ರಲ್ಲಿ ಅಮೆರಿಕದ ಡಾಕ್ಟರ್ ಜೇಮ್ಸ್ ಕೇಲೆಬ್ ಜಾಕ್ಸನ್ ಮಾಡಿದ ‘ಗ್ರಾನುಲಾ’ದಲ್ಲಿ ಇಂಥ ಸಿಹಿಯೇ ಇರಲಿಲ್ಲ. ಗೋಧಿ ಹಿಟ್ಟನ್ನು ಎರಡೆರಡು ಸಲ ಬೇಯಿಸಿದ ಗಟ್ಟಿ ಚೂರುಗಳು, ರಾತ್ರಿಯಿಡೀ ನೆನೆಸದಿದ್ದರೆ ಹಲ್ಲಿಗೆ ಬಗ್ಗುತ್ತಿರಲಿಲ್ಲ.

ಆದರೂ ಮ್ಯೂಸ್ಲಿ ಅಂತ ಬರೆದ ಕೂಡಲೇ ನಂಬಬೇಡಿ. ಹುರಿದ, ಸಿಹಿ ಹಾಕಿದ ಮ್ಯೂಸ್ಲಿಯೂ ಸಿಗುತ್ತದೆ.

ಇನ್ನೊಬ್ಬರು: ಎರಡು ವರ್ಷದ ಮಗನಿಗೆ ಕೊಡಬಹುದಾ? ಅಮ್ಮನಿಗೆ ಶುಗರ್ ಇದೆ, ಅವರಿಗೆ?

ಡಯಟಿಷಿಯನ್: ಮಗುವಿಗೆ ಬೇಡ. ಇಡೀ ಬೀಜಗಳು ಗಂಟಲಲ್ಲಿ ಸಿಕ್ಕಿಕೊಳ್ಳುತ್ತವೆ, ಐದು ವರ್ಷದವರೆಗೂ ಈ ಭಯ ಇದ್ದೇ ಇದೆ. ಅಮ್ಮನಿಗೆ ಸಾದಾ ಓಟ್ಸ್ ವಾಸಿ. ಗ್ರಾನೋಲಾ ಬೇಕೇ ಬೇಕು ಅಂದರೆ ಎಷ್ಟು ಅಂತ ಅವರ ಡಾಕ್ಟರ್ ಹತ್ತಿರ ಕೇಳಿ. ತಿಂದ ಎರಡು ಗಂಟೆಗೆ ಗ್ಲೂಕೋಮೀಟರ್‌ನಲ್ಲಿ ಒಮ್ಮೆ ನೋಡಲಿ.

ಇನ್ನೊಬ್ಬರು: ಮನೆಯಲ್ಲೇ ಮಾಡಿದರೆ?

ಡಯಟಿಷಿಯನ್: ಮಾಡಿ. 300 ಗ್ರಾಂ ಓಟ್ಸ್, 100 ಗ್ರಾಂ ಬೀಜಗಳು, ಎರಡು ದೊಡ್ಡ ಚಮಚ ಎಣ್ಣೆ, ಮೂರು ದೊಡ್ಡ ಚಮಚ ಜೇನು. 150 ಡಿಗ್ರಿ ಓವನ್‌ನಲ್ಲಿ ಅರ್ಧ ಗಂಟೆ, ನಡುವೆ ಎರಡು ಸಲ ಕೈಯಾಡಿಸಿ. 100 ಗ್ರಾಂಗೆ ಸಕ್ಕರೆ 12-13 ಗ್ರಾಂ ಬರುತ್ತದೆ. ಕ್ಯಾಲೊರಿ ಮಾತ್ರ ಅಷ್ಟೇನೂ ಇಳಿಯುವುದಿಲ್ಲ, ತೂಗುವುದು ತಪ್ಪಿದ್ದಲ್ಲ.

ಪ್ರಶ್ನೆ (ಮೊದಲಿನವರು, ಮರುದಿನ): ತೂಗಿದೆ. 118 ಗ್ರಾಂ! ತಕ್ಕಡಿ ಕೆಟ್ಟಿದೆ ಅಂದುಕೊಂಡು ಎರಡು ಸಲ ತೂಗಿದೆ. ಪ್ಯಾಕೆಟ್ ಇನ್ನೂ ಅರ್ಧ ಇದೆ, ಬಿಸಾಡಲಾ?

ಡಯಟಿಷಿಯನ್: ಅಯ್ಯೋ, ಬೇಡ. ಬಟ್ಟಲಿನಲ್ಲಿ ಸಾದಾ ಮೊಸರು ಅಥವಾ ಬೇಯಿಸಿದ ಓಟ್ಸ್ ಇರಲಿ, ಜೊತೆಗೆ ಒಂದು ಹಣ್ಣು ಹೆಚ್ಚಿ ಹಾಕಿ. ಗ್ರಾನೋಲಾ ಮೇಲೆ ಉದುರಿಸುವಷ್ಟು ಮಾತ್ರ, 25 ಗ್ರಾಂ. ಮೊದಲ ಒಂದು ವಾರ ತೂಗಿಯೇ ಹಾಕಿ, ಆಮೇಲೆ ಕೈಗೆ ಅಂದಾಜು ಸಿಗುತ್ತದೆ. ಒಂದು ತಿಂಗಳು ಬಿಟ್ಟು ತೂಕ ನೋಡಿ ಇಲ್ಲೇ ಬರೆಯಿರಿ.