ಕೃಷಿ ಭಾಗ್ಯ: 12×12 ಹೊಂಡಕ್ಕೆ ಪ್ಲಾಸ್ಟಿಕ್ ಹಾಳೆ ಎಷ್ಟು ಬೇಕು, ಸಹಾಯಧನ ಎಲ್ಲಿ ತಡೆಯುತ್ತೆ?

ಪ್ರಶ್ನೆ: ಕೆಂಪು ಮಣ್ಣಿನ ಖುಷ್ಕಿ ಜಮೀನು. ಮಳೆ ನೀರು ಹಿಡಿಯುವ ಹೊಂಡಕ್ಕೆ ಸರ್ಕಾರ ಸಹಾಯಧನ ಕೊಡುವ ಕೃಷಿ ಭಾಗ್ಯ ಯೋಜನೆಯಲ್ಲಿ 12×12×3 ಮೀಟರ್ ಕೃಷಿ ಹೊಂಡ ಮಾಡಿಸಬೇಕು. ಈಗಲೇ ಜೆಸಿಬಿ ಕರೆಸಿ ಆಮೇಲೆ ಅರ್ಜಿ ಹಾಕಬಹುದಾ? ಹಾಳೆ ಎಷ್ಟು ಬೇಕು?

ಉತ್ತರ 1: ಈಗಲೇ ಅಗೆಸಬೇಡಿ ಸರ್. ರೈತ ಸಂಪರ್ಕ ಕೇಂದ್ರದಲ್ಲಿ ಅರ್ಜಿ ಕೊಟ್ಟು, ಕಾರ್ಯಾದೇಶ ಬಂದ ಮೇಲೆ ಯಂತ್ರ ಇಳಿಸಿ. ಅಗೆಯುವ ಮುಂಚಿನ ಜಾಗದ ಫೋಟೋ ಇಲ್ಲದಿದ್ದರೆ ಬಿಲ್ಲು ಅಲ್ಲೇ ನಿಲ್ಲುತ್ತೆ. ಪಹಣಿ ಇನ್ನೂ ತಂದೆಯವರ ಹೆಸರಲ್ಲಿದ್ದರೆ ಫ್ರೂಟ್ಸ್ ಐಡಿಯಲ್ಲೇ (ಸರ್ಕಾರದ ರೈತ ನೋಂದಣಿ ಸಂಖ್ಯೆ) ತೊಡಕು, ಅದನ್ನು ಮೊದಲು ಸರಿಮಾಡಿಸಿ. ಹೊಂಡಕ್ಕೆ ಸಹಾಯಧನ ಸಾಮಾನ್ಯ ವರ್ಗಕ್ಕೆ ಶೇ 80, ಪರಿಶಿಷ್ಟರಿಗೆ ಶೇ 90. ಅದು ಇಲಾಖೆಯ ದರದ ಮೇಲೆ, ನೀವು ಕೊಟ್ಟ ಬಾಡಿಗೆ ಮೇಲಲ್ಲ.

ಉತ್ತರ 2: ಹಾಳೆಯ ಲೆಕ್ಕ ಹೀಗೆ. ಇಳಿಜಾರು 1:1 (ಒಂದು ಮೀಟರ್ ಆಳಕ್ಕೆ ಒಂದು ಮೀಟರ್ ಒಳಕ್ಕೆ) ಇಟ್ಟರೆ ತಳ 6×6. ಒಂದೊಂದು ಓರೆ 4.24 ಮೀಟರ್, ಎರಡೂ ಕಡೆ ಸೇರಿ 8.5, ತಳದ 6, ದಂಡೆಯ ಕಾಲುವೆಯಲ್ಲಿ ಹೂಳಲು ಎರಡು ಬದಿಗೂ ತಲಾ 1 ಮೀಟರ್. ಒಟ್ಟು 16.5×16.5. ತುಂಬಿದರೆ ಸುಮಾರು 2.5 ಲಕ್ಷ ಲೀಟರ್. ಹಾಸುವ ಮುಂಚೆ ಕಲ್ಲು, ಬೇರು ಆರಿಸಿ ತೆಗೆಯಿರಿ. ಹಾಳೆ ತೂತಾಗೋದು ಹೆಚ್ಚಾಗಿ ಅಡಿಯಿಂದಲೇ. ಬಿಗಿಯಾಗಿ ಎಳೆಯಲೂಬೇಡಿ, ನೀರಿನ ಭಾರಕ್ಕೆ ಬೆಸುಗೆ ಬಿಡುತ್ತೆ.

ಉತ್ತರ 3: ನೀರು ಒಳಬರುವ ಕಡೆ ಹೂಳು ಗುಂಡಿ (ನೀರಿನ ಜೊತೆ ಬರುವ ಮಣ್ಣು ತಂಗುವ ಸಣ್ಣ ಗುಂಡಿ) ಖಂಡಿತ ಬೇಕು. ತಂತಿ ಬೇಲಿಯನ್ನಂತೂ ಬಿಡಲೇಬೇಡಿ: ಹಾಳೆ ಜಾರುತ್ತೆ, ಬಿದ್ದ ಮಕ್ಕಳು ಹತ್ತಿ ಬರೋಕಾಗಲ್ಲ. ಗಂಟು ಹಾಕಿದ ಹಗ್ಗವನ್ನೂ ಒಳಕ್ಕೆ ಇಳಿಬಿಡಿ.