ಲಿನಕ್ಸ್ ಕರ್ನಲ್ 5.15 ಒಳಗೇ ಪಾಯಿಂಟ್ ರಿಲೀಸ್ (ಸಣ್ಣ ಫಿಕ್ಸ್ ಅಪ್‌ಡೇಟ್) ಬದಲಾಯಿಸಿದ್ರೆ ಡ್ರೈವರ್ ಮಾಡ್ಯೂಲ್ ಲೋಡ್ ಆಗ್ತಿಲ್ಲ, ಸ್ಟೇಬಲ್ ಅಂದ್ರೆ ಏನು ಹಾಗಾದ್ರೆ?

ಪೀಣ್ಯ_ಎಂಬೆಡೆಡ್:
ಎಲ್ರಿಗೂ ನಮಸ್ಕಾರ. ಪೀಣ್ಯದಲ್ಲಿ ಮಷೀನ್‌ಗಳಿಂದ ಡೇಟಾ ತಗೊಳ್ಳೋ ಪಿಸಿಐ ಕಾರ್ಡ್ ಮಾಡ್ತೀವಿ, ಡ್ರೈವರ್ ನಮ್ದೇ, ಕಸ್ಟಮರ್‌ಗೆ ಬಿಲ್ಡ್ ಆಗಿರೋ ಮಾಡ್ಯೂಲ್ (ಕರ್ನಲ್ ಒಳಗೆ ಲೋಡ್ ಆಗೋ ಡ್ರೈವರ್ ಫೈಲ್) ಮಾತ್ರ ಕೊಡೋದು. ಕರ್ನಲ್ 5.15, ಅದನ್ನೂ ನಾವೇ ಬಿಲ್ಡ್ ಮಾಡ್ತೀವಿ. ಸೆಕ್ಯುರಿಟಿ ಫಿಕ್ಸ್‌ಗೆ ಅಂತ ಅದೇ 5.15ರ ಹೊಸ ಪಾಯಿಂಟ್ ರಿಲೀಸ್ ಹಾಕಿದ್ರೆ 'ಡಿಸ್‌ಅಗ್ರೀಸ್ ಅಬೌಟ್ ವರ್ಷನ್ ಆಫ್ ಸಿಂಬಲ್' ಅಂತ ಬರ್ತಿದೆ. ಒಬ್ಬ ಕಸ್ಟಮರ್ ಕಡೆಯವರು ಮಾಡ್‌ಪ್ರೋಬ್‌ಗೆ (ಮಾಡ್ಯೂಲ್ ಲೋಡ್ ಮಾಡೋ ಕಮಾಂಡ್) ಫೋರ್ಸ್ ಕೊಟ್ಟು ಲೋಡ್ ಮಾಡಿದ್ರಂತೆ, ಸ್ವಲ್ಪ ಹೊತ್ತಲ್ಲೇ ಪ್ಯಾನಿಕ್, ಅಂದ್ರೆ ಕರ್ನಲ್ಲೇ ಕ್ರ್ಯಾಶ್. ಪ್ರತಿ ಸಲ ಎಲ್ಲ ಕಡೆ ಹೊಸ ಮಾಡ್ಯೂಲ್ ಕಳ್ಸೋದು ಬಿಟ್ಟು ಬೇರೆ ದಾರಿ ಇದ್ಯಾ?

ಬಸವನಗುಡಿ_ಕರ್ನಲ್:
ಮೊದಲು ಆ ಫೋರ್ಸ್ ನಿಲ್ಲಿಸೋಕೆ ಹೇಳಿ ಸರ್. ಕರ್ನಲ್ ಬಿಲ್ಡ್‌ನಲ್ಲಿ ಮಾಡ್‌ವರ್ಷನ್ಸ್ ಅನ್ನೋ ಆಯ್ಕೆ ಆನ್ ಇದ್ರೆ ಪ್ರತಿ ಎಕ್ಸ್‌ಪೋರ್ಟ್ ಸಿಂಬಲ್‌ಗೂ (ಮಾಡ್ಯೂಲ್‌ಗಳು ಬಳಸೋಕೆ ಕರ್ನಲ್ ಬಿಟ್ಟುಕೊಡೋ ಫಂಕ್ಷನ್ ಇತ್ಯಾದಿ) ಒಂದು ಸಿಆರ್‌ಸಿ (ಚೆಕ್‌ಸಮ್ ಸಂಖ್ಯೆ) ಇರುತ್ತೆ, ಆ ಫಂಕ್ಷನ್ ಮುಟ್ಟೋ ಸ್ಟ್ರಕ್ಟ್‌ಗಳ (ಹಲವು ಫೀಲ್ಡ್ ಸೇರಿದ ಡೇಟಾ ರಚನೆ) ಒಳಗಿನ ಫೀಲ್ಡ್ ತನಕ ಎಲ್ಲಾ ಸೇರಿ ಲೆಕ್ಕ ಆಗೋದು. ಒಂದು ಸ್ಟ್ರಕ್ಟ್‌ನಲ್ಲಿ 24ನೇ ಬೈಟ್‌ನಲ್ಲಿ ಒಂದು ಪಾಯಿಂಟರ್ ಇತ್ತು ಅಂದ್ಕೊಳ್ಳಿ, ಫಿಕ್ಸ್ ಹಾಕ್ದವರು ಅದಕ್ಕಿಂತ ಮೊದಲು ಬರೋ ಹಾಗೆ 8 ಬೈಟ್ ಫೀಲ್ಡ್ ಸೇರಿಸಿದ್ರು, ಪಾಯಿಂಟರ್ 32ಕ್ಕೆ ಹೋಯ್ತು, ನಿಮ್ಮ ಹಳೇ ಮಾಡ್ಯೂಲ್ ಮಾತ್ರ ಇನ್ನೂ 24ನೇ ಬೈಟನ್ನೇ ಪಾಯಿಂಟರ್ ಅಂತ ಓದ್ತಾ ಇರುತ್ತೆ. ಸಿಆರ್‌ಸಿ ನಿಮ್ಮನ್ನ ಅದ್ರಿಂದಲೇ ತಡೀತಿರೋದು, ಫೋರ್ಸ್ ಕೊಟ್ರೆ ಆ ತಡೆನೇ ಹೋಯ್ತು.

ಇನ್ನು ಸ್ಟೇಬಲ್ ಅನ್ನೋ ಮಾತು. ಲಿನಕ್ಸ್ ಮಾತು ಕೊಟ್ಟಿರೋದು ಯೂಸರ್‌ಸ್ಪೇಸ್‌ಗೆ (ಕರ್ನಲ್ ಹೊರಗೆ ಓಡೋ ಪ್ರೋಗ್ರಾಂಗಳಿಗೆ): ಸಿಸ್ಟಮ್ ಕಾಲ್ ಒಡೆಯಲ್ಲ ಅಂತ. ಕರ್ನಲ್ ಒಳಗಿನ ಇಂಟರ್‌ಫೇಸ್‌ಗೆ ಆ ಭರವಸೆ ಯಾವತ್ತೂ ಇಲ್ಲ, ಸ್ಟೇಬಲ್ ಕರ್ನಲ್ ನೋಡ್ಕೊಳ್ಳೋ ಗ್ರೆಗ್ ಕ್ರೋವಾ-ಹಾರ್ಟ್‌ಮನ್ ಇದನ್ನ ಕರ್ನಲ್ ಡಾಕ್ಯುಮೆಂಟೇಷನ್‌ನಲ್ಲೇ ಬರೆದಿಟ್ಟಿದ್ದಾರೆ. ಡ್ರೈವರ್ ಸೋರ್ಸ್‌ನ ಮೇನ್‌ಲೈನ್‌ಗೆ (ಲಿನಕ್ಸ್‌ನ ಮೂಲ ಕರ್ನಲ್ ಕೋಡ್‌ಗೆ) ಕೊಡಿ, ಅದೇ ಸರಿಯಾದ ದಾರಿ.

ವೈಟ್‌ಫೀಲ್ಡ್_ಬಿಲ್ಡ್:
ಮೇನ್‌ಲೈನ್ ಒಳ್ಳೇದೇ, ಆದ್ರೆ ಈಗ ಲೈನ್‌ನಲ್ಲಿ ಓಡ್ತಿರೋ ಮಷೀನ್‌ಗೆ ಅದು ಉತ್ತರ ಆಗಲ್ಲ. ಕರ್ನಲ್ ನಿಮ್ದೇ ಬಿಲ್ಡ್ ಆಗಿರೋದ್ರಿಂದ ಡಿಸ್ಟ್ರೋದವರು ಮಾಡೋದನ್ನೇ ನೀವೂ ಮಾಡಬಹುದು. ರೆಡ್ ಹ್ಯಾಟ್‌ನವರು ಇಂತಿಷ್ಟೇ ಸಿಂಬಲ್ ಅಂತ ಪಟ್ಟಿ ಮಾಡಿ ಅಷ್ಟನ್ನ ಮಾತ್ರ ಕಾಯ್ತಾರೆ, ಆಂಡ್ರಾಯ್ಡ್ 12ರ 5.10 ಕರ್ನಲ್‌ನಲ್ಲೂ ಹೀಗೇ, ಬ್ರಾಂಚ್ ಫ್ರೀಜ್ ಆದ್ಮೇಲೆ ಪಟ್ಟಿಯಲ್ಲಿರೋದನ್ನ ಮುಟ್ಟಲ್ಲ. ಮುಖ್ಯವಾದ ಸ್ಟ್ರಕ್ಟ್‌ಗಳಲ್ಲಿ ಮೊದ್ಲೇ ಖಾಲಿ ಫೀಲ್ಡ್ ಇಟ್ಟಿರ್ತಾರೆ, ಮುಂದೆ ಫಿಕ್ಸ್ ಬಂದಾಗ ಆ ಜಾಗ ಬಳಸ್ಕೊಳ್ತಾರೆ, ಆಫ್‌ಸೆಟ್ (ಸ್ಟ್ರಕ್ಟ್ ಒಳಗೆ ಫೀಲ್ಡ್ ಇರೋ ಜಾಗ) ಅಲುಗಲ್ಲ.

ಮೊದ್ಲೇ ಜಾಗ ಇಟ್ಟಿಲ್ಲ ಅಂದ್ರೆ ಸ್ಟ್ರಕ್ಟ್ ಒಳಗಿನ ಖಾಲಿ ಜಾಗ ತೋರ್ಸೋ ಪಾಹೋಲ್ ಟೂಲ್ ಓಡ್ಸಿ ನೋಡಿ. 1 ಬೈಟ್ ಫೀಲ್ಡ್ ಆದ್ಮೇಲೆ 8 ಬೈಟ್‌ದು ಇದ್ರೆ ಮಧ್ಯೆ ಸಾಮಾನ್ಯವಾಗಿ 7 ಬೈಟ್ ಸುಮ್ನೆ ಖಾಲಿ ಬಿದ್ದಿರುತ್ತೆ, ಸಣ್ಣ ಫ್ಲ್ಯಾಗ್ ಅಲ್ಲಿ ಕೂರುತ್ತೆ. ಆದ್ರೂ ಸಿಆರ್‌ಸಿ ಬದಲಾಗುತ್ತೆ, ಯಾಕಂದ್ರೆ ಸಿಆರ್‌ಸಿ ಲೆಕ್ಕ ಹಾಕೋ ಜೆನ್‌ಕೆಸಿಮ್ಸ್ ಟೂಲ್ ನೋಡೋದು ಡೆಫಿನಿಷನ್‌ನ, ಆಫ್‌ಸೆಟ್‌ನ ಅಲ್ಲ. ಅದಕ್ಕೆ ಹೊಸ ಫೀಲ್ಡ್‌ನ ಜೆನ್‌ಕೆಸಿಮ್ಸ್‌ಗೆ ಕಾಣ್ದೇ ಇರೋ ಹಾಗೆ ಇಫ್‌ಎನ್‌ಡೆಫ್ (ಷರತ್ತಿನ ಮೇಲೆ ಕೋಡ್ ಸೇರಿಸೋ ಸಾಲು) ಒಳಗೆ ಹಾಕ್ತಾರೆ. ಇದು ಚೆಕ್ಕನ್ನೇ ಕಣ್ಣು ಮುಚ್ಚಿಸೋ ಕೆಲಸ, ಅಬಿಡಿಫ್ ಅನ್ನೋ ಹೋಲಿಕೆ ಟೂಲ್‌ನಲ್ಲಿ ಹಳೇ ಹೊಸ ವಿಎಂಲಿನಕ್ಸ್ (ಬಿಲ್ಡ್ ಆದ ಕರ್ನಲ್ ಫೈಲ್) ಎರಡನ್ನೂ ಹೋಲಿಸಿ ಖಾತ್ರಿ ಮಾಡ್ಕೊಳ್ದೇ ಮಾತ್ರ ಮಾಡ್ಬೇಡಿ ದಯವಿಟ್ಟು.

ಪೀಣ್ಯ_ಎಂಬೆಡೆಡ್:
ತುಂಬಾ ಥ್ಯಾಂಕ್ಸ್ ಇಬ್ಬರಿಗೂ. ಫಿಕ್ಸ್‌ನಲ್ಲಿ ಫಂಕ್ಷನ್‌ದೇ ಆರ್ಗ್ಯುಮೆಂಟ್ ಬದಲಾದ್ರೆ?

ವೈಟ್‌ಫೀಲ್ಡ್_ಬಿಲ್ಡ್:
ಆಗ ಹಳೇ ಫಂಕ್ಷನ್ ಹಾಗೇ ಉಳಿಸ್ಕೊಂಡು, ಹೊಸ ಹೆಸರಲ್ಲಿ ಇನ್ನೊಂದು ಮಾಡಿ, ಹಳೇದು ಹೊಸದನ್ನ ಕರೀಲಿ. ಸೆಕ್ಯುರಿಟಿ ತೂತು ಇರೋದೇ ಆ ಹಳೇ ಆರ್ಗ್ಯುಮೆಂಟ್‌ನಲ್ಲಿ ಅಂದ್ರೆ ಮಾತ್ರ ಉಳಿಸೋಕೆ ಹೋಗ್ಬೇಡಿ, ಎಬಿಐ (ಬಿಲ್ಡ್ ಆದ ಕರ್ನಲ್ಲು ಮಾಡ್ಯೂಲು ಹೊಂದ್ಕೊಳ್ಳೋ ಇಂಟರ್‌ಫೇಸ್) ಒಡೀತು ಅಂತ ರಿಲೀಸ್ ನೋಟ್‌ನಲ್ಲಿ ನೇರವಾಗಿ ಬರೆದು ಕರ್ನಲ್ಲು ಮಾಡ್ಯೂಲು ಎರಡನ್ನೂ ಒಂದೇ ಪ್ಯಾಕೇಜ್‌ನಲ್ಲಿ ಕಳ್ಸಿ.