ಊರಿನ ಸೈಟು ಮಾರಿದ ದುಡ್ಡು ರೀಟ್‌ಗೆ ಹಾಕಬಹುದಾ? ಅನುಭವ ಇದ್ದವರು ನಿಮ್ಮ ಊರಿನ ಹೆಸರು ಹಾಕಿ ಹೇಳಿ

ಮುಲುಂಡ್: ಹುಬ್ಬಳ್ಳಿಯ ಸೈಟು ಮಾರಿ ನನ್ನ ಪಾಲಿಗೆ 18 ಲಕ್ಷ ಬಂದಿದೆ. ಅಪ್ಪ ಅಮ್ಮನ ಕೈಖರ್ಚಿಗೆ ಆಗಾಗ ದುಡ್ಡು ಬರುವ ಹಾಗೆ ಇಡಬೇಕು. ಇಲ್ಲಿ ಮುಂಬೈಯಲ್ಲಿ ಅಷ್ಟಕ್ಕೆ ಫ್ಲ್ಯಾಟ್ ಸಿಗುವುದಿಲ್ಲ. ರೀಟ್ ಅಂದರೆ ಬಾಡಿಗೆ ತರುವ ದೊಡ್ಡ ಆಫೀಸು, ಮಾಲ್‌ಗಳನ್ನು ಇಟ್ಟುಕೊಂಡ ಟ್ರಸ್ಟ್, ಅದರ ಸಣ್ಣ ಪಾಲನ್ನು (ಯೂನಿಟ್) ಶೇರಿನ ಹಾಗೆ ಕೊಳ್ಳಬಹುದು ಅಂತ ಓದಿದೆ. ಎಂಬಸಿ, ಮೈಂಡ್‌ಸ್ಪೇಸ್, ನೆಕ್ಸಸ್ ಥರದ ರೀಟ್ ಯೂನಿಟ್ ತಗೊಂಡವರು ಹೇಗಿದೆ ಹೇಳ್ತೀರಾ?

ಡೊಂಬಿವಲಿ: ನಾನು 2019ರಿಂದ ಇದ್ದೇನೆ. ದೇಶದ ಮೊದಲ ರೀಟ್ ಬಂದಾಗಲೇ, ಒಂದು ಯೂನಿಟ್‌ಗೆ 300 ರೂಪಾಯಿಯಂತೆ. ಆಗ 2 ಲಕ್ಷಕ್ಕಿಂತ ಕಡಿಮೆ ಹಾಕುವ ಹಾಗೇ ಇರಲಿಲ್ಲ. ಹೆಂಡತಿಯ ಎಫ್‌ಡಿ ಮುರಿಸಿ ಹಾಕಿದೆ, ಒಂದು ವಾರ ಮನೆಯಲ್ಲಿ ಮಾತಿಲ್ಲ. (ಒಂದೇ ಯೂನಿಟ್ ಕೊಳ್ಳಬಹುದು ಅಂತ ಶೇರು ಮಾರುಕಟ್ಟೆಯ ನಿಯಂತ್ರಕ ಸೆಬಿ ಮಾಡಿದ್ದು 2021ರಲ್ಲಿ.) ಮರುವರ್ಷ ಕೋವಿಡ್. ಎಲ್ಲರೂ ಮನೆಯಿಂದಲೇ ಕೆಲಸ, ಆಫೀಸಿಗೆ ಯಾರು ಬಾಡಿಗೆ ಕೊಡ್ತಾರೆ ಅಂತ ನಿದ್ದೆ ಬರುತ್ತಿರಲಿಲ್ಲ. ಆದರೆ ಮೂರು ತಿಂಗಳಿಗೊಮ್ಮೆ ಬರುವ ದುಡ್ಡು ಒಂದು ಸಲವೂ ತಪ್ಪಲಿಲ್ಲ. ಪ್ರತಿ ಕಂತನ್ನೂ ಡೈರಿಯಲ್ಲಿ ಬರೆದಿಟ್ಟಿದ್ದೇನೆ.

ಠಾಣೆ: ಬೇಡ ತಮ್ಮಾ. 2008ರ ಜನವರಿಯಲ್ಲಿ ಒಂದು ಬಿಲ್ಡರ್ ಕಂಪನಿಯ ಶೇರಿಗೆ 1,60,000 ಹಾಕಿದೆ. ಪಿಎಫ್‌ನಿಂದ ತೆಗೆದ ದುಡ್ಡು. ಮುಂದಿನ ವರ್ಷದ ಮಾರ್ಚಿಗೆ ಉಳಿದಿದ್ದು 22,000. ಮಗಳ ಕಾಲೇಜು ಫೀಸಿಗೆ ಅದನ್ನೂ ಮಾರಿದೆ. ಆಸ್ತಿ ಅಂದರೆ ಕೈಯಲ್ಲಿ ಬೀಗದ ಕೈ ಇರಬೇಕು. ಕಲ್ಯಾಣದಲ್ಲಿ ನನ್ನದು ಒಂದು ಬೆಡ್‌ರೂಮ್ ಫ್ಲ್ಯಾಟ್ ಇದೆ, ತಿಂಗಳಿಗೆ 9,000 ಬರುತ್ತೆ.

ಪುಣೆ: ಅಣ್ಣ, ಬಿಲ್ಡರ್ ಶೇರು ಬೇರೆ, ರೀಟ್ ಬೇರೆ. ಎರಡನ್ನೂ ಕಲಸಿ ಹುಡುಗನನ್ನು ಹೆದರಿಸಬೇಡಿ. ಬಿಲ್ಡರ್ ಇನ್ನೂ ಕಟ್ಟಿ ಮಾರಬೇಕು. ರೀಟ್‌ನಲ್ಲಿ 80 ಪರ್ಸೆಂಟ್ ಆಸ್ತಿ ಕಟ್ಟಿ ಮುಗಿದು ಬಾಡಿಗೆ ತರುವಂಥದ್ದೇ ಆಗಿರಬೇಕು, ಹಂಚಬಹುದಾದ ಹಣದಲ್ಲಿ 90 ಪರ್ಸೆಂಟ್ ಹಂಚಲೇಬೇಕು.

ನನ್ನ ತಲೆನೋವು ಟ್ಯಾಕ್ಸು. ಬರುವ ದುಡ್ಡು ಒಂದೇ ಥರ ಅಲ್ಲ. ಸ್ವಲ್ಪ ಬಡ್ಡಿ, ಸ್ವಲ್ಪ ಡಿವಿಡೆಂಡ್, ಸ್ವಲ್ಪ ಸಾಲ ವಾಪಸಾತಿ (ರೀಟ್ ತನ್ನ ಕಂಪನಿಗಳಿಗೆ ಕೊಟ್ಟ ಸಾಲ ತೀರಿ ಬಂದ ದುಡ್ಡು). ಬಡ್ಡಿಯಲ್ಲಿ 10 ಪರ್ಸೆಂಟ್ ಟಿಡಿಎಸ್ ಅಂತ ಮೊದಲೇ ಟ್ಯಾಕ್ಸ್ ಹಿಡೀತಾರೆ. ಸಾಲ ವಾಪಸಾತಿಗೆ ಮೊದಲು ಟ್ಯಾಕ್ಸೇ ಇರಲಿಲ್ಲ. 2023ರ ಬಜೆಟ್ ಬಂದ ಮೇಲೆ ಮಾರುವಾಗಿನ ಲಾಭದ ಲೆಕ್ಕಕ್ಕೆ ಅದನ್ನು ಯೂನಿಟ್ ಕೊಂಡ ಬೆಲೆಯಿಂದ ಕಳೆಯುತ್ತಾ ಹೋಗಬೇಕು. ನಾನು ಕಳೆದಿರಲಿಲ್ಲ. ರಿಟರ್ನ್ ತಿದ್ದಲು ಸಿಎಗೆ 3,500 ಕೊಟ್ಟೆ, ಟಿಡಿಎಸ್ ರಿಫಂಡಿಗೆ ಏಳು ತಿಂಗಳು ಕಾದೆ. ಅಪ್ಪ ಅಮ್ಮನ ಹೆಸರಲ್ಲಿ ತಗೊಂಡರೆ, ಹಿಡಿದ ಟಿಡಿಎಸ್ ವಾಪಸ್ ಬೇಕಾದರೆ ಅವರೂ ರಿಟರ್ನ್ ಹಾಕಬೇಕಾಗುತ್ತೆ. ಯಾವ ಥರದ ದುಡ್ಡು ಎಷ್ಟು ಅಂತ ರೀಟ್ ಕಳಿಸುವ ಫಾರ್ಮ್ ಬಂದ ತಕ್ಷಣ ಎತ್ತಿಡಿ.

ಡೊಂಬಿವಲಿ: ಠಾಣೆಯವರೇ, 9,000 ಅಂತೀರಲ್ಲ, ಸೊಸೈಟಿ ಮೇಂಟೆನೆನ್ಸ್ ಕಳೆದಿರಾ? ಬಾಡಿಗೆಗೆ ಕೊಟ್ಟಿದ್ದಕ್ಕೆ ನಾನ್ ಆಕ್ಯುಪೆನ್ಸಿ ಚಾರ್ಜು? ಬ್ರೋಕರು? ಪೇಂಟು?

ಠಾಣೆ: ಎಲ್ಲ ಕಳೆದೇ ಹೇಳಿದ್ದು. ಹೋದ ವರ್ಷ ನಾಲ್ಕು ತಿಂಗಳು ಖಾಲಿ ಇತ್ತು ನಿಜ. ಮೇಲಿನ ಮನೆಯ ನೀರು ಸೋರಿ 38,000 ಖರ್ಚಾಯಿತು, ಅದೂ ನಿಜ. ಆದರೂ ಮನೆ ನನ್ನದು. ನಿಮ್ಮ ಯೂನಿಟ್‌ನಲ್ಲಿ ಮಗಳ ಬಾಣಂತನ ಮಾಡೋಕಾಗುತ್ತಾ?

ಡೊಂಬಿವಲಿ: ಅವರು ಕೇಳಿದ್ದು ಖರ್ಚಿಗೆ ದುಡ್ಡು ಬರುವ ದಾರಿ. ಬಾಣಂತನದ ಮಾತು ಯಾಕೆ ತರ್ತೀರಿ?

ಮಡಗಾಂವ್: ನೀವೆಲ್ಲ ಮಾರಿ ಆದ ಮೇಲಿನ ಮಾತು ಆಡ್ತಿದ್ದೀರಿ. ಸೈಟು ಮಾರಿದ್ದೇ ತಪ್ಪು. ನಾವು ಕುಮಟಾದಲ್ಲಿ ಐದು ಗುಂಟೆ ಮಾರಿದೆವು. ಈಗ ಊರಿಗೆ ಹೋದರೆ ಲಾಡ್ಜಿನಲ್ಲಿ ಇಳಿಯಬೇಕು. ಹಬ್ಬಕ್ಕೆ ಹೋಗುವುದನ್ನೇ ಬಿಟ್ಟಿದ್ದೇವೆ.

ಪುಣೆ: ಅವರು ಮಾರಿ ಆಯ್ತಲ್ಲ. ಈಗ ಅದನ್ನು ಹೇಳಿ ಯಾಕೆ ನೋಯಿಸ್ತೀರಿ?

ಮಡಗಾಂವ್: ನೋಯಿಸೋಕಲ್ಲ ಅಕ್ಕ. ನನಗೆ ಆಗ ಯಾರೂ ಹೇಳಲಿಲ್ಲ.

ಮುಲುಂಡ್: ಮಾರುವುದು ಅಪ್ಪನದೇ ತೀರ್ಮಾನ, ಅದರ ಬಗ್ಗೆ ಬೇಡ. ಪುಣೆ ಅಕ್ಕ, ಅಮ್ಮನಿಗೆ ಪ್ಯಾನ್ ಇದೆ, ರಿಟರ್ನ್ ಯಾವತ್ತೂ ಹಾಕಿಲ್ಲ. ನನ್ನ ಹೆಸರಲ್ಲೇ 3 ಲಕ್ಷದಿಂದ ಶುರು ಮಾಡ್ತೀನಿ. ಉಳಿದದ್ದು ಸದ್ಯಕ್ಕೆ ಎಫ್‌ಡಿಯಲ್ಲೇ ಇರಲಿ. ನಿಮ್ಮ ಸಿಎ ನಂಬರ್ ಮೆಸೇಜ್ ಮಾಡ್ತೀರಾ?